ಮುಖ ಒಂದರಲ್ಲಿ, ಕಾಲು ಇನ್ನೊಂದರಲ್ಲಿ

ಮೊನ್ನೆ ತುಮಕೂರಿನ ಆಸ್ಪತ್ರೆಯ ಪುಟ್ಟ ಕೋಣೆಯೊಂದರಲ್ಲಿ ನಾವು ಮೂವರಿದ್ದೆವು: ನಾನು, ನನ್ನ ತಂಗಿ, ಕಂಪ್ಯೂಟರಿನ ಮುಂದೆ ಕೂತ ಹುಡುಗಿ. ಸೊಟ್ಟಗಾದ ನನ್ನ ಮಂಡಿಗೆ ಸರ್ಕಾರದ ಸರ್ಟಿಫಿಕೇಟು ಬೇಕಿತ್ತು. "ಮಂಡಿ ಕಾಣೋ ಹಾಗೆ ಸೀರೆ ಎತ್ಕೊಳ್ಳಿ ಆಂಟಿ, ಫೋಟೋ ತೆಗೀತೀನಿ" ಎಂದಳು ಹುಡುಗಿ. ಎತ್ತಬೇಕಾದ ಕೈ ಸೀರೆಯನ್ನು ಇನ್ನಷ್ಟು ಕೆಳಗೆಳೆಯಿತು. ತಂಗಿ ಕಿಸಕ್ಕನೆ ನಕ್ಕು, "ಥೇಟ್ ನಾಗತ್ತೆ" ಎಂದಳು.

ನಾಗತ್ತೆಯನ್ನು ನಿಮಗೆ ಪರಿಚಯಿಸಲೇಬೇಕು. ನಮ್ಮಪ್ಪನ ಅಕ್ಕ, ಗುಬ್ಬಿಯ ನಮ್ಮ ಮನೆಯಲ್ಲೇ ಇದ್ದವಳು. ಚಿಕ್ಕಂದಿನ ಜ್ವರಕ್ಕೆ ಅವಳ ಎಡಗಾಲು ಸೊರಗಿ ಕಡ್ಡಿಯಾಗಿತ್ತು. ಅದು ಊರಿಗೆಲ್ಲ ಗೊತ್ತಿತ್ತು, ಕಂಡವರು ಮಾತ್ರ ಇರಲಿಲ್ಲ. ಅಷ್ಟು ಇಳಿಬಿಟ್ಟ ಸೀರೆ. ಅಕ್ಕ ಓಡಾಡಿದ ದಿನ ಪಡಸಾಲೆಗೆ ಪೊರಕೆ ಬೇಡ ಎಂದು ಅಪ್ಪ ಛೇಡಿಸುತ್ತಿದ್ದರು. ಚಿಟಿಕೆ ನಶ್ಯಕ್ಕೂ ತಮ್ಮನ ಮುಂದೆ ನಿಂತು ಗಂಟಲು ಸರಿಮಾಡಿಕೊಳ್ಳುವುದು ಅವಳಿಗೆ ಸಾಕಾಗಿಹೋಗಿತ್ತು. ಎಂಬತ್ತನೆಯ ಇಸವಿಯ ಆಸುಪಾಸಿನಲ್ಲಿ, ಅಂಗವಿಕಲರಿಗೆ ತಿಂಗಳ ವೇತನವಂತೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ, "ನಂದೂ ಅಂತ ಒಂದ್ ದುಡ್ಡು ಬರ್ಲಿ ಕಣೇ, ಬರಿ ಅರ್ಜಿ" ಎಂದು ನನ್ನನ್ನು ಹಿಡಿದಳು. ನಾನು ಆಗಷ್ಟೇ ಪಿಯುಸಿ ಮುಗಿಸಿದ್ದೆ. ನನ್ನ ಅಕ್ಷರ ದುಂಡಗಿತ್ತು. ಅದರ ಜಂಬ ಅದಕ್ಕಿಂತ ದುಂಡಗಿತ್ತು.

'ಮಾಡಲಾಗದ ಕೆಲಸಗಳು' ಎಂಬ ಕಾಲಂ ಬಂತು.

"ಯಾವ್ದೂ ಇಲ್ಲ ಅಂತ ಬರಿ."

"ಹಂಗ್ ಬರೆದ್ರೆ ದುಡ್ಡು ಕೊಡಲ್ಲ ಅತ್ತೆ."

"ಸುಳ್ ಬರೀತೀಯೇನ್ಲೇ? ಬೇಕಾದ್ರೆ, ನಿಮ್ಮಪ್ಪನ್ನ ಸುಧಾರ್ಸಕ್ಕಾಗಲ್ಲ ಅಂತ ಬರಿ."

ನಾನು 'ದೂರ ನಡೆಯುವುದು' ಎಂದು ಬರೆದು ಹಾಳೆ ಮಗುಚಿಬಿಟ್ಟೆ.

ಫೋಟೋಗೆ ತುಮಕೂರಿಗೆ ಬಂದೆವು. ಬಸ್‌ಸ್ಟ್ಯಾಂಡಿನ ಹತ್ತಿರದ ಆ ಸ್ಟುಡಿಯೋದವರು, ಗಂಡಿನ ಕಡೆಯವರಿಗೆ ಕಳಿಸುವ ಹೆಣ್ಣಿನ ಫೋಟೋ ತೆಗೆದೇ ಹೆಸರಾದವರು. ಅವರ ಕೈಗೆ ಸಿಕ್ಕ ಮೇಲೆ ಯಾರ ಮುಖದಲ್ಲೂ ಸಿಡುಬಿನ ಕಲೆ ಉಳಿಯುತ್ತಿರಲಿಲ್ಲ. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ನೆರಿಗೆ ಹರಡಿ, ಎಡಗಾಲಿನ ಮುಂದೆ ಪ್ಲಾಸ್ಟಿಕ್ ಗುಲಾಬಿಯ ಕುಂಡ ಇಟ್ಟರು. ಕಾಲು ಕಾಣಬೇಕು ಎಂದೆ. "ನಮ್ ಸ್ಟುಡಿಯೋದಲ್ಲಿ ಯಾರ ಊನಾನೂ ತೋರ್ಸಿಲ್ಲ ಕಣಮ್ಮ, ನೀನ್ ಸುಮ್ಕಿರು" ಎಂದರು. ಅತ್ತೆಗೂ ಅದೇ ಬೇಕಿತ್ತು.

ಫೋಟೋ ಸೊಗಸಾಗಿ ಬಂತು. ತಾಲ್ಲೂಕು ಕಚೇರಿಯ ಗುಮಾಸ್ತರು ಅದನ್ನು ನೋಡಿ, "ಇದು ವೇತನದ ಅರ್ಜಿನೋ, ಮದುವೆ ಸಂಬಂಧಾನೋ? ಕಾಲು ಕಾಣೋ ಫೋಟೋ ತನ್ನಿ, ಡಾಕ್ಟರ ಸರ್ಟಿಫಿಕೇಟೂ ತನ್ನಿ" ಎಂದು ಹಿಂದಕ್ಕೆ ಕೊಟ್ಟರು.

ಮತ್ತೆ ಅದೇ ಸ್ಟುಡಿಯೋ. ಈ ಸಲ ಅತ್ತೆಯದು ಒಂದೇ ಷರತ್ತು: ಸ್ಟುಡಿಯೋದವರು ಗೋಡೆಗೆ ಮುಖ ಮಾಡಿ ನಿಂತು ಕ್ಯಾಮೆರಾ ಒತ್ತಬೇಕು. ಪಾಪ, ಒಪ್ಪಿದರು. ನಾನು ಬಗ್ಗಿ ಸೀರೆಯ ಅಂಚನ್ನು ಎತ್ತಿ ಹಿಡಿದೆ. ವಾರದ ಮೇಲೆ ಪ್ರಿಂಟು ಕೈಗೆ ಬಂದಾಗ ಕಾಲು ಸ್ಪಷ್ಟವಾಗಿತ್ತು. ಮೂಲೆಯಲ್ಲಿ ನನ್ನ ಎರಡು ಬೆರಳೂ ಇದ್ದವು. ಮುಖವಿರಬೇಕಾದ ಕಡೆ ಸೆರಗಿನ ಮುದ್ದೆ ಇತ್ತು. ಕಾಲು ಬಿಟ್ಟುಕೊಟ್ಟ ನಾಚಿಕೆಗೆ ಅತ್ತೆ ಮುಖ ಮುಚ್ಚಿಕೊಂಡಿದ್ದಳು.

"ಇನ್ನೊಂದ್ಸಲ ತೋರ್ಸು ಅಂದ್ರೆ ಅರ್ಜಿನೇ ಬ್ಯಾಡ ಬುಡು" ಎಂದಳು. ಅವಳ ದನಿ ಕೇಳಿದರೆ ಬಿಟ್ಟೇಬಿಡುವವಳ ಹಾಗಿತ್ತು. ಎರಡೂ ಫೋಟೋ ಹಿಡಿದು ದೊಡ್ಡಾಸ್ಪತ್ರೆಗೆ ಹೋದೆವು.

ಡಾಕ್ಟರು ನರ್ಸಮ್ಮನನ್ನು ಕರೆದು, ಪರದೆಯ ಹಿಂದೆ ಕಾಲಿನ ಅಳತೆ ತೆಗೆಸಿದರು. ಆಮೇಲೆ ಫೋಟೋ ಎತ್ತಿಕೊಂಡರು.

"ಇದ್ಯಾರ ಕಾಲಮ್ಮ?"

"ನಂದೇ ಸ್ವಾಮಿ."

"ಮುಖ?"

"ಅದು ಆ ಫೋಟೋದಾಗೈತೆ ನೋಡಿ."

"ಈ ಬೆರಳು?"

"ನನ್ನವು ಸಾರ್" ಎಂದೆ.

"ಅದಕ್ಕೂ ಸರ್ಟಿಫಿಕೇಟ್ ಬೇಕೇನು?"

ನಗದೆಯೇ ಅವರು ಎರಡೂ ಫೋಟೋಗಳನ್ನು ಒತ್ತೊತ್ತಾಗಿ ಅಂಟಿಸಿದರು. 'ಮುಖವೂ ಕಾಲೂ ಒಬ್ಬರವೇ' ಎಂದು ಬರೆದು, ಅರ್ಧ ಮುಖದ ಮೇಲೂ ಅರ್ಧ ಕಾಲಿನ ಮೇಲೂ ಬೀಳುವಂತೆ ಮೊಹರು ಒತ್ತಿದರು. ಗುಮಾಸ್ತರು ಆ ಮೊಹರನ್ನು ಎರಡೆರಡು ಸಲ ನೋಡಿ ಅರ್ಜಿ ತೆಗೆದುಕೊಂಡರು.

ಮೊದಲ ಮನಿಯಾರ್ಡರು ಬಂದ ವಾರ ಅತ್ತೆ ಯಾರಿಗೂ ಹೇಳದೆ ಒಬ್ಬಳೇ ತುಮಕೂರಿನ ಬಸ್ಸು ಹತ್ತಿದಳು. ನಶ್ಯಕ್ಕೆ ಹೋಗಿದ್ದಾಳೆ ಎಂದುಕೊಂಡೆವು. ಕೆಲವು ದಿನ ಕಳೆದು ಮೂರನೆಯ ಫೋಟೋ ಮನೆಗೆ ಬಂತು. ಕುಂಡವಿಲ್ಲ. ಅತ್ತೆ ನಿಂತಿದ್ದಾಳೆ, ಸೀರೆ ಹಿಮ್ಮಡಿಯಿಂದ ಗೇಣು ಮೇಲಿದೆ, ಕಣ್ಣು ನೆಟ್ಟಗೆ ಕ್ಯಾಮೆರಾದ ಕಡೆಗೆ.

"ಇದು ಯಾವ ಅರ್ಜಿಗೆ ಅತ್ತೆ?"

"ಯಾವ್ದಕ್ಕೂ ಇಲ್ಲ. ನನ್ ದುಡ್ಡು, ನನ್ ಕಾಲು."

ಇದೆಲ್ಲ ನೆನಪಾಗಿ ಕೂತಿದ್ದಾಗ ಕಂಪ್ಯೂಟರಿನ ಹುಡುಗಿ ಮತ್ತೊಮ್ಮೆ ಕರೆದಳು. ಎದ್ದು ನಿಂತು ನಾನೇ ಸೀರೆ ಎತ್ತಿ ಹಿಡಿದೆ. "ಮುಖಾನೂ ಬರೋ ಹಾಗೆ ತೆಗಿಯಮ್ಮ" ಎಂದೆ.