ವೈನಿ ಕೇಳಿದ ಹಾಡು

ಇದನ್ನು ಬರೆಯಬೇಕೆಂದು ಕೂತು, ಎದ್ದು, ಬೇರೆ ಕೆಲಸ ಹಚ್ಚಿಕೊಂಡು ಎಷ್ಟೋ ವರ್ಷ ಕಳೆದೆ. ಈಗ ವಯಸ್ಸಾಯಿತು. ಇನ್ನೂ ಮುಂದೆ ಹಾಕಿದರೆ ಬರೆಯಲಿಕ್ಕೇ ಆಗದು.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಅವರನ್ನು ನೆನೆದರೆ ನನಗೆ ಮೊದಲು ಕಾಣುವುದು ಅವರ ಎಡಗಿವಿ. ರೈತರ ಮಾಲು ಮಾರಿಸಿಕೊಡುವ ಸೊಲ್ಲಾಪುರದ ನಮ್ಮ ಅಡತಿ ವ್ಯಾಪಾರದ ಮನೆಯಲ್ಲಿ ಸೊಸೆಯಾದವಳು ಮಾವನ ಎದುರು ತಲೆ ತುಂಬ ಸೆರಗು ಹೊದ್ದಿರಬೇಕು, ಕಿವಿ ಕಾಣಬಾರದು. ವೈನಿ ದಿನವಿಡೀ ಹಾಗೆಯೇ ಇರುತ್ತಿದ್ದರು. ಸಂಜೆ ರೇಡಿಯೋ ಹಚ್ಚಿದಾಗ ಮಾತ್ರ ಒಳಬಾಗಿಲ ಹೊಸ್ತಿಲಾಚೆ ಕುಳಿತು, ಸೆರಗನ್ನು ಒಂದಿಷ್ಟು ಹಿಂದೆ ಸರಿಸಿ ಆ ಒಂದು ಕಿವಿಯನ್ನು ಹೊರಗೆ ಬಿಡುತ್ತಿದ್ದರು. ಕಂದೀಲಿನ ಬೆಳಕಿಗೆ ಅದು ಕೆಂಪಗೆ ಕಾಣುತ್ತಿತ್ತು. ಅಪ್ಪ ನೋಡಿಯೂ ನೋಡದವರಂತೆ ಅಡಕೆ ಕತ್ತರಿಸುತ್ತಿದ್ದರು.

ವೈನಿಯ ತವರು ಅಕ್ಕಲಕೋಟೆ. ಅವರ ತಂದೆ ಹಾಡುಗಾರರು. ಮಗಳಿಗೂ ಮಗನಿಗೂ ಕೂಡಿಸಿಯೇ ಹಾಡು ಕಲಿಸಿದ್ದರು. ಮದುವೆಯ ಮಾತುಕತೆಯಲ್ಲಿ ನಮ್ಮಪ್ಪ ಒಂದೇ ಮಾತು ಹೇಳಿದ್ದರು. "ಹುಡುಗಿ ಛಲೋ ಹಾಡ್ತಾಳಂತ ಕೇಳೀವಿ. ನಮ್ಮ ಮನ್ಯಾಗ ಹಾಡೂದು ಬ್ಯಾಡ." ಆಮೇಲೆ ವೈನಿ ಹಾಡಲಿಲ್ಲ. ಹೆಂಗಸರು ಸೋಬಾನ ಹಾಡುವ ಹೊತ್ತಿನಲ್ಲಿಯೂ ಅವರ ತುಟಿ ಅಲ್ಲಾಡುತ್ತಿತ್ತು, ದನಿ ಬರುತ್ತಿರಲಿಲ್ಲ.

ಅಣ್ಣ ಅವರಿಗಾಗಿಯೇ ರೇಡಿಯೋ ತಂದ. ಮ್ಯಾಟ್ರಿಕ್ ಮುಗಿಸಿದ ನಾನು ಪುಣೆಯ ಕಾಲೇಜಿಗೆ ಕಳಿಸು ಎಂದು ಬೇಡಿಕೊಂಡಾಗ, "ಓದಿದ್ದು ಸಾಕು ತಮ್ಮಾ, ಅಂಗಡಿ ಕಡಿ ನೋಡು" ಎಂದಿದ್ದವನು ಇವನೇ. ಅದಾದ ಮೇಲೆ ಒಂದು ತಿಂಗಳೂ ಕಳೆದಿರಲಿಲ್ಲ, ರೇಡಿಯೋದ ಕಟ್ಟಿಗೆಯ ಪೆಟ್ಟಿಗೆ ಮನೆಗೆ ಬಂತು. ಮಾಳಿಗೆಯ ಮೇಲೆ ಬಿದಿರು ನಿಲ್ಲಿಸಿ ತಂತಿ ಎಳೆದವನು ನಾನು. ನಮ್ಮ ಓಣಿಗೆ ಇನ್ನೂ ಕರೆಂಟ್ ಬಂದಿರಲಿಲ್ಲ. ಅದರ ಬ್ಯಾಟರಿ ಹೊತ್ತೊಯ್ದು ಚಾರ್ಜ್ ಮಾಡಿಸಿ ತರುವವನೂ ನಾನು.

ಅದಕ್ಕೂ ಮೊದಲು ನಮ್ಮ ಪಡಸಾಲೆಯಲ್ಲಿ ನನಗೊಂದು ಮಾನವಿತ್ತು. ಶೇಂಗಾ ಮಾರಲು ವಾಗದರಿ, ಮೈಂದರ್ಗಿ ಕಡೆಯಿಂದ ಬಂದ ಕನ್ನಡದ ರೈತರು ನಮ್ಮಲ್ಲೇ ಉಳಿಯುತ್ತಿದ್ದರು. ಸಂಜೆ ನಾನು ಮರಾಠಿ ಪತ್ರಿಕೆ ಓದಿ ಅವರಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ರೇಡಿಯೋ ಬಂದ ಮೇಲೆ ಪತ್ರಿಕೆ ಯಾರಿಗೂ ಬೇಡವಾಯಿತು. ಮುಂಬೈ ಸ್ಟೇಶನ್ನಿನ ಹಾಡು ಎಲ್ಲರಿಗೂ ಹಿಡಿಸಿತು. ಆದರೆ ಅಲ್ಲಿಯ ಮರಾಠಿ ಭಾಷಣ, ನಾಟಕ ಅವರಿಗೆ ಪೂರಾ ತಿಳಿಯುತ್ತಿರಲಿಲ್ಲ. ಮರುದಿನ ಮಧ್ಯಾಹ್ನ ವೈನಿ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಹೆಂಗಸರಿಗೆ ಅದನ್ನೆಲ್ಲ ಕನ್ನಡದಲ್ಲಿ ಹೇಳುತ್ತಿದ್ದರು. ಗಂಡಸರು ಹೊರಗೆ ಚೀಲ ಹೊಲಿಯುವ ನೆಪ ಮಾಡಿ ಕಿವಿಗೊಡುತ್ತಿದ್ದರು.

"ನಿನ್ನಿ ಒಬ್ಬ ಡಾಕ್ಟರು ಮಾತಾಡಿದ್ರವಾ. ಹಲ್ಲು ತಿಕ್ಕೋರಿ, ನೀರು ಕಾಸಿ ಕುಡೀರಿ ಅಂದ್ರು. ನಮ್ಮತ್ತಿ ದಿನಾ ಇದನ್ನ ಹೇಳ್ತಾರ, ಅವರಿಗೆ ಯಾರೂ ಮುಂಬೈಕ್ಕ ಕರದು ಕುರ್ಚಿ ಹಾಕಂಗಿಲ್ಲ ನೋಡ್ರಿ."

ಅವ್ವ ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದಳು. ನನ್ನ ಮಾತಿಗೆ ಅವ್ವ ಹಾಗೆ ನಕ್ಕದ್ದು ನನಗೆ ನೆನಪಿಲ್ಲ.

ಒಮ್ಮೆ ನಾಟಕದ ಕತೆ ಹೇಳುತ್ತಿದ್ದಾಗ ನಾನು ಹೊರಗಿನಿಂದ, "ವೈನಿ, ಆ ಮಾತಿನ ಅರ್ಥ ಹಂಗಲ್ಲ" ಎಂದೆ. ವಾಗದರಿಯ ಮುದುಕರೊಬ್ಬರು, "ನಿನ್ನ ಅರ್ಥ ನಾಳಿ ಪೇಪರದಾಗ ಓದು ತಮ್ಮಾ. ಈಗ ಆಕಿ ಹೇಳಲಿ" ಎಂದರು. ಎಲ್ಲರೂ ನಕ್ಕರು. ವೈನಿ ನಗಲಿಲ್ಲ. "ಮೈದುನರಿಗೆ ಮರಾಠಿ ನನಗಿಂತ ಹೆಚ್ಚು ಬರತೈತಿ, ಅವರು ಅಂದಿದ್ದೇ ಖರೆ" ಎಂದರು. ಅವರು ನಕ್ಕಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಆಗ ವೈನಿಯ ತಮ್ಮ ಮುಂಬೈಯಲ್ಲಿ ಸಂಗೀತ ಕಲಿಯುತ್ತಿದ್ದ. ಅವನಿಗೆ ರೇಡಿಯೋದಲ್ಲಿ ಕಾಲು ಗಂಟೆ ಹಾಡುವ ಅವಕಾಶ ಸಿಕ್ಕಿದೆ ಎಂದು ಸುದ್ದಿ ಬಂತು. ಬ್ಯಾಟರಿ ಇಳಿಯುತ್ತ ಬಂದಿತ್ತು, ಚಾರ್ಜ್ ಮಾಡುವವನು ಮದುವೆಗೆಂದು ಪರವೂರಿಗೆ ಹೋಗಿದ್ದ. ಇರುವುದನ್ನೇ ಉಳಿಸೋಣವೆಂದು ವೈನಿ ಮೂರು ದಿನ ರೇಡಿಯೋ ಮುಟ್ಟಗೊಡಲಿಲ್ಲ, ತಾವೂ ಕೇಳಲಿಲ್ಲ. ಆ ದಿನ ಅಣ್ಣ ಅಂಗಡಿಯಿಂದ ಬೇಗ ಬರುತ್ತೇನೆಂದ, ಅವ್ವ ಓಣಿಗೆಲ್ಲ ಹೇಳಿಬಂದಳು. ಅಪ್ಪನೂ, "ಹುಡುಗ ಎಷ್ಟೊತ್ತಿಗೆ ಹಾಡ್ತಾನ?" ಎಂದು ಕೇಳಿದರು. ಮನೆಗೆ ಮನೆಯೇ ವೈನಿಯ ಕಡೆಗೆ ತಿರುಗಿ ಕೂತಂತೆ ನನಗೆ ಅನಿಸಿತು.

ಮಧ್ಯಾಹ್ನ ಎಲ್ಲರೂ ಮಲಗಿದಾಗ ನಾನು ರೇಡಿಯೋ ಹಚ್ಚಿದೆ. ದನಿಯ ಗುಂಡಿಯನ್ನು ಪೂರ್ತಿ ಇಳಿಸಿ, ವೈನಿ ಕಸೂತಿ ಹಾಕಿದ್ದ ಹೊದಿಕೆಯನ್ನು ಮೊದಲಿನಂತೆ ಹೊದಿಸಿದೆ. ಒಳಗೆ ಅದು ಸಪ್ಪಳವಿಲ್ಲದೆ ಉರಿಯುತ್ತ, ಉಳಿಸಿಟ್ಟ ಬ್ಯಾಟರಿಯನ್ನು ತಿನ್ನುತ್ತಿತ್ತು. ಜನ ಬಂದು ಕೂಡುವ ಮೊದಲು ಆರಿಸಿದೆ.

ಪಡಸಾಲೆ ತುಂಬಿತು. ವೈನಿ ತಾವೇ ಬಂದು ಹೊದಿಕೆ ತೆಗೆದು ಪೆಟ್ಟಿಗೆಯ ಮೇಲೆ ಕೈ ಇಟ್ಟರು. ಇಟ್ಟ ಕೈಯನ್ನು ತುಸು ಹೊತ್ತು ತೆಗೆಯಲಿಲ್ಲ. ಆಮೇಲೆ ನನ್ನ ಕಡೆಗೆ ನೋಡಿದರು. ಗುಂಡಿ ತಿರುಗಿಸಿದರೆ ಒಂದು ಗೊರಗೊರ ಸದ್ದು ಬಂದು ನಿಂತುಹೋಯಿತು. ಅಣ್ಣ ಬಡಿದು ನೋಡಿದ, ತಂತಿ ಎಳೆದು ನೋಡಿದ. ನಾನೂ ಬಗ್ಗಿ ಏನೋ ಹುಡುಕಿದಂತೆ ಮಾಡಿದೆ. ಜನ ಏಳತೊಡಗಿದರು.

"ಕುಂದರ್ರಿ" ಎಂದರು ವೈನಿ. ಅಪ್ಪನ ಎದುರು ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. "ಅಂವ ಈಗ ಹಾಡಾಕತ್ತಾನ. ನಡುವ ಏಳಬ್ಯಾಡ್ರಿ."

ಹೊಸ್ತಿಲಾಚೆ ಕುಳಿತು, ಸೆರಗು ಸರಿಸಿ ಕಿವಿ ಹೊರಗೆ ಬಿಟ್ಟು, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕತೊಡಗಿದರು. ನಿಧಾನಕ್ಕೆ ಶುರುವಾದದ್ದು ಬರಬರುತ್ತ ಚುರುಕಾಯಿತು. ಎದ್ದವರು ಮತ್ತೆ ಕೂತರು. ಅಪ್ಪನ ಕೈಯಲ್ಲಿ ಅಡಕತ್ತು ಹಾಗೆಯೇ ನಿಂತಿತ್ತು. ಬೆರಳು ನಿಂತ ಮೇಲೆ ವೈನಿ ಎದ್ದು ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ಕಲಸಿದರು.

ದೀಪಾವಳಿಗೆ ವೈನಿಯ ತಮ್ಮ ಬಂದ. ಊಟಕ್ಕೆ ಕೂತಾಗ ಅವನ ಮೊದಲ ಮಾತೇ, "ಅಕ್ಕಾ, ಕೇಳಿದೇನ?"

ನಡೆದದ್ದನ್ನು ಹೇಳಲು ಅಣ್ಣ ಬಾಯಿ ತೆರೆದ. ವೈನಿ ಅಣ್ಣನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿದರು.

"ಕೇಳಿದೆ. ಶುರುವಿಗೆ ಅವಸರ ಮಾಡಿದಿ."

"ಅಂಜಿದ್ನಿ ಅಕ್ಕಾ."

"ಗೊತ್ತಾತು. ಮ್ಯಾಲಿನ ಷಡ್ಜಕ್ಕ ಹೋದಾಗ ಅಂಜಿಕಿ ಬಿಡ್ತು. ನಮ್ಮಪ್ಪ ಕೇಳಿದ್ರ ಬೈತಿದ್ದಿಲ್ಲ."

ಅವನ ಕಣ್ಣು ತುಂಬಿ ಬಂತು. "ಮಷೀನು ಯಾರು ಹಚ್ಚಿದ್ರು?" ಎಂದು ಕೇಳಿದ. "ನಮ್ಮ ಮೈದುನರು. ಅದರದೆಲ್ಲ ಅವರೇ ನೋಡ್ಕೋತಾರ" ಎಂದರು ವೈನಿ. ಆಗಲೂ ನನಗೆ ಪಶ್ಚಾತ್ತಾಪ ಬರಲಿಲ್ಲ, ಹೊಟ್ಟೆಯುರಿಯೇ ಬಂತು. ನನಗಾಗಿ ಯಾರೂ ಅಷ್ಟು ಪ್ರೀತಿಯಿಂದ ಸುಳ್ಳು ಹೇಳಿರಲಿಲ್ಲ.

ಅವನಿಗೆ ಮತ್ತೆ ರೇಡಿಯೋದಲ್ಲಿ ಹಾಡುವ ಅವಕಾಶ ಸಿಗಲಿಲ್ಲ. ಅಕ್ಕಲಕೋಟೆಗೆ ಮರಳಿ ಮಕ್ಕಳಿಗೆ ಹಾಡು ಕಲಿಸುತ್ತ ಉಳಿದ.

ಅಪ್ಪ, ಅವ್ವ, ಅಣ್ಣ ಎಲ್ಲರೂ ಹೋದ ಮೇಲೆ, ವೈನಿ ಹಾಸಿಗೆ ಹಿಡಿದಾಗ, ಒಂದು ಮುಂಜಾನೆ ಅವರ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದೆ.

"ಪೆಟ್ಟಿಗಿ ಬೆಚ್ಚಗಿತ್ತು. ಆವತ್ತೇ ಗೊತ್ತಾತು" ಎಂದರು.

"ಮತ್ತ ಯಾಕ ಹೇಳಲಿಲ್ರಿ?"

"ಹೇಳಿದ್ರ ನಿಮ್ಮಣ್ಣಾರು ನಿಮ್ಮನ್ನ ಮನ್ಯಾಗ ಇಟ್ಕೋತಿದ್ದಿಲ್ಲ. ನನ್ನ ಸಲುವಾಗಿ ಅಣ್ಣ-ತಮ್ಮ ಬ್ಯಾರೆ ಆಗೂದು ನನಗ ಬ್ಯಾಡಾಗಿತ್ತು."

"ನಂದು ತಪ್ಪಾತ್ರಿ ವೈನಿ."

"ನನ್ನ ಮುಂದ ತಪ್ಪಾತು ಅಂದ್ರ ಏನಾತು? ನನ್ನಷ್ಟಕ್ಕ ನಾನು ಕೇಳೀನಿ. ಹಾಡಿದಾಂವ ನನ್ನ ತಮ್ಮ." ಹೊದಿಕೆ ಮೇಲಕ್ಕೆ ಎಳೆದುಕೊಂಡು, "ಆದ್ರ ನಾ ಇರೂತನಕ ಅವಗ ಹೇಳಬ್ಯಾಡ್ರಿ. ಮುಂದಿಂದು ನಿಮಗ ಬಿಟ್ಟಿದ್ದು" ಎಂದರು.

ಆ ಬೇಸಿಗೆ ಮುಗಿಯುವುದರೊಳಗೆ ವೈನಿ ತೀರಿಕೊಂಡರು.

ಹೇಳಲೆಂದೇ ಅಕ್ಕಲಕೋಟೆಗೆ ಹೋದೆ. ವೈನಿಯ ತಮ್ಮ ತಂಬೂರಿ ಶ್ರುತಿ ಮಾಡುತ್ತ ಕೂತಿದ್ದ, ತಲೆ ಪೂರಾ ಬೆಳ್ಳಗಾಗಿತ್ತು. ನನ್ನನ್ನು ಕಂಡು ಎದ್ದು ಕೈ ಹಿಡಿದು ಕೂರಿಸಿದ. ಮಕ್ಕಳ ಕಡೆಗೆ ತಿರುಗಿ, "ನಾ ಮುಂಬೈದಾಗ ಹಾಡಿದ್ದು ನಮ್ಮಕ್ಕ ಸೊಲ್ಲಾಪುರದಾಗ ಕೇಳಿದ್ಲು ಅಂತ ಹೇಳ್ತಿರ್ತೀನಲ್ಲ? ಆವತ್ತ ಆಕಿಗೆ ಕೇಳಿಸಿದವರು ಇವರ ನೋಡ್ರಿ. ಕಾಲು ಮುಟ್ರಿ" ಎಂದ.

ಮಕ್ಕಳು ಒಬ್ಬೊಬ್ಬರಾಗಿ ಬಂದು ಮುಟ್ಟಿದರು. ನಾನು ಕಾಲು ಹಿಂದೆ ಎಳೆದುಕೊಳ್ಳಲಿಲ್ಲ. ಚಹಾ ಕುಡಿದು, ಸಂಜೆಯ ಬಸ್ಸಿಗೆ ಸೊಲ್ಲಾಪುರಕ್ಕೆ ಬಂದುಬಿಟ್ಟೆ. ಈಗ ಅವನೂ ಇಲ್ಲ. ನಾನು ತಪ್ಪಾಯಿತು ಎನ್ನಬೇಕಾಗಿದ್ದದ್ದು, ಕೊನೆಗೂ ಎನ್ನದೆ ಉಳಿದದ್ದು ಅವನಿಗೆ, ವೈನಿಯ ತಮ್ಮನಿಗೆ.