ನನ್ನ ರಟ್ಟೆ, ತಮ್ಮನ ಭುಜ

"ಏನವ್ವಾ ಇದು, ಒಳ್ಳೆ ಗಂಡಸ್ರ ರಟ್ಟೆ ಇದ್ದಂಗೈತೆ!"

ಇವತ್ತು ಬೆಳಿಗ್ಗೆ ಹುಳಿಯಾರಿನ ಟೈಲರ್ ನನ್ನ ತೋಳಿಗೆ ಟೇಪು ಸುತ್ತಿ ಹೇಳಿದ ಮಾತಿದು, ಗೆಳೆಯರೇ. ತಮ್ಮನ ನಿಶ್ಚಿತಾರ್ಥಕ್ಕೆ ನನಗೊಂದು ರವಿಕೆ, ಅವನಿಗೊಂದು ಕೋಟು ಹೊಲಿಸಲು ಅವ್ವ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿದ್ದಳು.

ಅವ್ವನ ಮುಖ ಸಣ್ಣದಾಯಿತು. "ಮೊಣಕೈ ಮುಚ್ಚೋ ಹಂಗೆ ಉದ್ದಕ್ಕೆ ಹೊಲೀರಿ. ಬೀಗರು ನೋಡಿದ್ರೆ ಏನಂದ್ಕತಾರೆ?"

ಆಮೇಲೆ ತಮ್ಮನ ಸರದಿ. "ಭುಜನೇ ಇಲ್ವಲ್ಲಪ್ಪಾ! ಪ್ಯಾಡ್ ಹಾಕ್ತೀನಿ ಬುಡು, ಗಂಡಸಿನ ಥರ ಕಾಣ್ತೀಯ" ಎಂದು ಟೈಲರ್ ನಕ್ಕ. ಪಾಪ, ತಮ್ಮ ಕನ್ನಡಿಯ ಮುಂದೆ ಉಸಿರು ಬಿಗಿಹಿಡಿದು ಎದೆ ಉಬ್ಬಿಸಿಕೊಂಡು ನಿಂತಿದ್ದ.

ನಮ್ಮ ಮನೆಯಲ್ಲಿ ಅಟ್ಟದಿಂದ ಇಳಿಸಿದ ಕೊಬ್ಬರಿ ಕಾಯಿಯನ್ನೆಲ್ಲ ಸುಲಿಯುವವಳು ನಾನು. ನೆಲಕ್ಕೆ ನೆಟ್ಟ ಹಾರೆಗೆ ಕಾಯಿ ಚುಚ್ಚಿ ಚುಚ್ಚಿ ಬಂದ ರಟ್ಟೆ ಇದು. ತಮ್ಮನಿಗೆ ಆ ಕೆಲಸ ಆಗುವುದಿಲ್ಲ. ಅಡುಗೆಯನ್ನು ಮಾತ್ರ ನನಗಿಂತ ಚೆನ್ನಾಗಿ ಮಾಡುತ್ತಾನೆ. ಅದನ್ನೂ ಬೀಗರ ಮುಂದೆ ಹೇಳಬಾರದಂತೆ.

"ಅಣ್ಣಾ, ನನ್ನ ರಟ್ಟೆ ಕೊಯ್ದು ಇವನ ಭುಜಕ್ಕೇ ಹೊಲ್ದುಬುಡಿ" ಎಂದೆ ಟೈಲರ್‌ಗೆ. ಯಾರೂ ನಗಲಿಲ್ಲ.

"ಬಾಯ್ಮುಚ್ಚೇ" ಎಂದಳು ಅವ್ವ.

ಊರಲ್ಲಿ ಬಸ್ಸಿಳಿದ ಕೂಡಲೇ ಅವಳಿಗೆ ಅವಸರ. "ಬಿರ್ರನೆ ನಡಿಯೇ, ನಾಳೆ ಕೊಬ್ಬರಿ ಒಡೆಯೋರು ಬತ್ತಾರೆ. ಕಾಯಿ ಇನ್ನೂ ಸುಲಿಯೋದೈತೆ."

ಸುಲಿದು ಮುಗಿಸಿ ಈಗ ಕೂತಿದ್ದೇನೆ. ಬೀಗರಿಗೆ ಕಾಣಬಾರದ ಈ ತೋಳನ್ನು ಹಾರೆಯ ಮುಂದೆ ಯಾರೂ ಮುಚ್ಚಿಕೋ ಎನ್ನಲಿಲ್ಲ.