ಹರಿಗೋಲು ಎಂಬಲ್ಲಿ ದೋಣಿ ಎಂದು ಓದಿಕೊಳ್ಳಿ

ತಿಪ್ಪಕ್ಕ ಬೈಯದೆ ಯಾರನ್ನೂ ಹರಿಗೋಲಿಗೆ ಹತ್ತಿಸಿಕೊಂಡವಳಲ್ಲ. ಕೆರೆಬಿಳಚಿ ಕಡೆಯ ದೊಡ್ಡ ಕೆರೆಯಲ್ಲಿ ಎಪ್ಪತ್ತರ ದಶಕದುದ್ದಕ್ಕೂ ಅವಳು ಜನರನ್ನು ಈ ದಡದಿಂದ ಆ ದಡಕ್ಕೆ ದಾಟಿಸುತ್ತಿದ್ದಳು. ಹುಲ್ಲಿನ ಹೊರೆ ಹೊತ್ತವರು, ಬಸುರಿಯರು, ಶಾಲೆಯ ಮೇಷ್ಟ್ರು, ಎಲ್ಲರಿಗೂ ಒಂದೇ ಬೈಗುಳ. "ಕುಂತ್ಕಳ್ರೋ! ಮದುವೆ ಮಂಟಪ ಏನ್ರೋ ಇದು, ನಿಂತು ಅಕ್ಕಿಕಾಳು ಹಾಕಾಕೆ?"

ಒಮ್ಮೆ ಒಬ್ಬ ಅಧಿಕಾರಿ ಇಸ್ತ್ರಿ ಮಾಡಿದ ಪ್ಯಾಂಟು ಕೊಳೆಯಾಗುತ್ತದೆಂದು ನಿಂತೇ ಇದ್ದರು. ನಡುಗೆರೆಯಲ್ಲಿ ತಿಪ್ಪಕ್ಕ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಎಲೆಗೆ ಸುಣ್ಣ ಹಚ್ಚತೊಡಗಿದಳು. ಹರಿಗೋಲು ಗಿರಗಿರ ತಿರುಗಿತು. ಮೂರನೇ ಸುತ್ತಿಗೆ ಸಾಹೇಬರು ತಾವಾಗಿಯೇ ಕೂತರು. ನಾನು ಪಕ್ಕದಲ್ಲಿದ್ದೆ.

ಅವಳ ತವರು ಹೊನ್ನಾಳಿ, ಹೊಳೆದಂಡೆ. ಅಲ್ಲಿ ಬಿದಿರಿನ ಹೆಣಿಗೆಗೆ ಎಮ್ಮೆಯ ಚರ್ಮ ಹೊದಿಸುತ್ತಿದ್ದರಂತೆ. ಇಲ್ಲಿ ಅವಳು ಗೊಬ್ಬರದ ಖಾಲಿ ಚೀಲಗಳನ್ನು ಹೊಲಿದು, ಮೇಲೆ ಡಾಂಬರು ಬಳಿಯುತ್ತಿದ್ದಳು. ಡಾಂಬರನ್ನು ರಸ್ತೆ ಕೆಲಸದವರಿಂದ ಬೈದೇ ಪಡೆಯುತ್ತಿದ್ದಳು. "ಹೊಳೆ ನೀರಿಗೆ ಸಿಟ್ಟು ಬಂದ್ರೆ ಕೂಗಿ ಹೇಳ್ತೈತೆ. ಈ ಕೆರೆ ಹಂಗಲ್ಲ ಪೇಪರಣ್ಣ, ನಗ್ತಾನೇ ಮುಳುಗಿಸ್ತೈತೆ" ಎನ್ನುತ್ತಿದ್ದಳು. ನಾನು ಚನ್ನಗಿರಿಯಿಂದ ಜಿಲ್ಲಾ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಹಾಗಾಗಿ ಅವಳಿಗೆ ಪೇಪರಣ್ಣ.

ಎಂಬತ್ತರ ದಶಕ ಶುರುವಾದ ಮೇಲೆ ಕೆರೆಗೆ ವಿಹಾರದ ದೋಣಿ ಬಂತು. ನೀಲಿ ಬಣ್ಣದ ಮರದ ದೋಣಿ, ಕೂರಲು ಬೆಂಚು, ಮೂತಿಯಲ್ಲೊಂದು ಹಂಸ. ನಡೆಸುವವನು ಹೊರಗಿನ ಗುತ್ತಿಗೆದಾರ. ತಿಪ್ಪಕ್ಕ ಸುತ್ತ ನಡೆದು ನೋಡಿ, "ಹಕ್ಕಿಗೇನೋ ತಲೆ ಐತೆ. ನಡೆಸೋನಿಗೆ? ಊಟದ ಹೊತ್ತು ಕಳೆದ ಮ್ಯಾಲೆ ಗಾಳಿ ಏಳ್ತೈತೆ ಅಂತ ಯಾರಾದ್ರೂ ಹೇಳ್ರಪ್ಪಾ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಐದಾರು ಜನರನ್ನು ಕೇಳಿ ಖಚಿತಪಡಿಸಿಕೊಂಡ ಸಂಗತಿ ಇಷ್ಟು. ಒಂದು ಮಧ್ಯಾಹ್ನ ದೋಣಿಯಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನ ಹತ್ತಿದ್ದರು. ಫೋಟೊ ತೆಗೆಸಿಕೊಳ್ಳಲು ಎಲ್ಲರೂ ಒಂದೇ ಪಕ್ಕಕ್ಕೆ ಬಂದರು. ಗಾಳಿ ಎದ್ದಿತ್ತು, ದೋಣಿ ಮಗುಚಿತು. ತಿಪ್ಪಕ್ಕ ಹರಿಗೋಲು ನೂಕಿಕೊಂಡು ಹೋದಳು. ಮುಳುಗುತ್ತಿದ್ದವರು ಅದನ್ನು ಹತ್ತಲು ಬಂದರೆ ಅದೂ ಮಗುಚುತ್ತದೆ. ಅವಳು ಅವರ ಕೈಗಳ ಮೇಲೆ ಹುಟ್ಟಿನಿಂದ ಬಾರಿಸುತ್ತ, "ಹತ್ತಬ್ಯಾಡ್ರೋ, ಅಂಚು ಹಿಡ್ಕಳ್ರೋ!" ಎಂದು ಕಿರುಚಿದಳು. ಹಾಗೆ ಬೈದು, ಹೊಡೆದು, ಆರು ಜನರನ್ನು ದಡಕ್ಕೆ ಎಳೆದು ತಂದಳು. ಒಬ್ಬ ಸಿಗಲಿಲ್ಲ.

ಇದನ್ನು ನಾನು ಬರೆಯಲಿಲ್ಲ. ದೋಣಿಯ ಗುತ್ತಿಗೆ ಕೊಟ್ಟ ಸರ್ಕಾರಿ ಕಚೇರಿಯಿಂದ ಸಂಜೆ ಬಂದ ಹೇಳಿಕೆಯಲ್ಲಿ "ಹರಿಗೋಲು ಮಗುಚಿ ಪ್ರವಾಸಿಯ ಸಾವು" ಎಂದಿತ್ತು. ಕೆರೆಗೆ ಹೋಗಿ ನೋಡದೆ ಅದನ್ನೇ ಫೋನಿನಲ್ಲಿ ಪತ್ರಿಕೆಗೆ ಓದಿಬಿಟ್ಟೆ. ಮೊದಲ ಪುಟದಲ್ಲಿ ಬಂತು. ವಾರದೊಳಗೆ ಕೆರೆಯಲ್ಲಿ ಹರಿಗೋಲು ನಡೆಸಬಾರದೆಂದು ಅದೇ ಕಚೇರಿಯಿಂದ ಆದೇಶ ಹೊರಟಿತು. ಆಧಾರ: ಪತ್ರಿಕಾ ವರದಿ. ತಮ್ಮ ಸುಳ್ಳನ್ನು ನನ್ನ ಕೈಯಲ್ಲಿ ಬರೆಸಿ, ನನ್ನನ್ನೇ ಸಾಕ್ಷಿ ಮಾಡಿಕೊಂಡಿದ್ದರು.

ತಿಪ್ಪಕ್ಕ ಪತ್ರಿಕೆ ಹಿಡಿದು ಚನ್ನಗಿರಿಗೆ ಬಂದಳು. ಓದು ಬಾರದವಳು, ಮೇಷ್ಟ್ರಿಂದ ಓದಿಸಿದ್ದಳು. ಅವತ್ತು ಅವಳು ಬೈಯಲಿಲ್ಲ. "ಮಗುಚಿದ್ದು ಯಾವ್ದು?" ಎಂದಷ್ಟೇ ಕೇಳಿದಳು.

"ದೋಣಿ" ಎಂದೆ.

"ಹಂಗಂತ ಬರಿ ಮತ್ತೆ."

ಸಂಪಾದಕರ ಬಳಿ ಮೂರು ಸಲ ಹೋದೆ. ಕೊನೆಗೆ ಒಳಪುಟದಲ್ಲಿ, ಜಾಹೀರಾತುಗಳ ಅಡಿಯಲ್ಲಿ ಬಂತು: "ವರದಿಯಲ್ಲಿ ಹರಿಗೋಲು ಎಂಬಲ್ಲಿ ದೋಣಿ ಎಂದು ಓದಿಕೊಳ್ಳಬೇಕು." ಅದನ್ನು ಆದೇಶ ಹೊರಡಿಸಿದ ಕಚೇರಿಗೆ ಒಯ್ದೆ. ಅಧಿಕಾರಿ ಕನ್ನಡಕ ಏರಿಸಿ ಓದಿದರು. "ತಿದ್ದುಪಡಿ ನೋಡಿ ಆದೇಶ ವಾಪಸ್ ತಗೊಳ್ಳಾಕೆ ನಿಯಮ ಇಲ್ರೀ" ಎಂದರು. ವರದಿ ನೋಡಿ ಆದೇಶ ಹೊರಡಿಸಲು ಯಾವ ನಿಯಮವಿತ್ತು ಎಂದು ಕೇಳಿದೆ. ಚಹಾ ತರಿಸಿದರು. ನಾನು ಕುಡಿಯಲಿಲ್ಲ. ಅಷ್ಟರಲ್ಲಿ ಮಗುಚಿದ ದೋಣಿಗೆ ಹೊಸ ಬಣ್ಣ ಬಳಿದು ಮತ್ತೆ ನೀರಿಗೆ ಬಿಟ್ಟಿದ್ದರು.

ತಿದ್ದುಪಡಿಯನ್ನು ಅವಳಿಗೆ ಓದಿ ಹೇಳಲು ಹೋದಾಗ ತಿಪ್ಪಕ್ಕ ಗಂಟುಮೂಟೆ ಕಟ್ಟಿ ಏರಿಯ ಮೇಲೆ ನಿಂತಿದ್ದಳು. ಹೊನ್ನಾಳಿಗೆ, ಅಣ್ಣನ ಮನೆಗೆ ಹೊರಟಿದ್ದಳು. ಓದಿದೆ. ಕೇಳಿಸಿಕೊಂಡು, "ಆರು ಜನರನ್ನ ಎಳಕಂಡು ಬಂದೋಳು ಇದ್ರಾಗೆ ಎಲ್ಲವ್ಳೆ?" ಎಂದಳು.

ನಾನು ಪತ್ರಿಕೆ ಮಡಚಿಕೊಂಡೆ.

ಅವಳು ಹರಿಗೋಲನ್ನು ಬೋರಲು ಹಾಕಿ ಎತ್ತಲು ಬಾಗಿದಳು. ಒಂದು ಅಂಚಿಗೆ ನಾನು ಕೈ ಹಾಕಿದೆ.

"ಕೈ ತೆಗಿರೀ."

ಅಷ್ಟು ವರ್ಷಗಳಲ್ಲಿ ಅವಳು ನನಗೆ ರೀ ಎಂದದ್ದು ಅದೊಂದೇ ಸಲ. ಕೈ ತೆಗೆದೆ. ಅವಳು ಅದನ್ನು ಒಬ್ಬಳೇ ತಲೆಯ ಮೇಲೆ ಎತ್ತಿಕೊಂಡು, ಲಾರಿ ಸಿಗುವ ರಸ್ತೆಯ ಕಡೆ ನಡೆದಳು. ಹಿಂದಿನಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದವು.